ಪ್ಲೇಟ್ ಕಿತ್ತುಹೋದ ಹಳೇ ರೊಟವೇಟರ್: ಗುರುತಿಸಿ ರಿಪೇರಿ ಮಾಡುವುದು ಹೇಗೆ

ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪ ಕಡೆ ಹಳೇ ರೊಟವೇಟರ್, ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಬ್ಲೇಡು ತಿರುಗಿಸಿ ಮಣ್ಣು ಪುಡಿ ಮಾಡುವ ಯಂತ್ರ, ಸಿಗುವುದು ಕಷ್ಟವೇನಲ್ಲ. ದೊಡ್ಡ ಟ್ರ್ಯಾಕ್ಟರ್ ತಗೊಂಡವರು ಐದಡಿ ಅಗಲದ್ದನ್ನು ಬಿಟ್ಟು ಏಳಡಿಯದಕ್ಕೆ ಹೋಗುತ್ತಾರೆ, ಹಳೆಯದು ಜಾಲಿ ಗಿಡದ ಕೆಳಗೆ ನಿಂತಿರುತ್ತದೆ. ಕಷ್ಟ ಶುರುವಾಗುವುದು ಮನೆಗೆ ತಂದ ಮೇಲೆ. ಬಣ್ಣ ಹೋಗಿದೆ, ಹೆಸರಿನ ಪ್ಲೇಟ್ ಇಲ್ಲ, ಮಧ್ಯೆ ಯಾರೋ ಬೇರೆ ಕಂಪನಿಯ ಬ್ಲೇಡು ಕೂರಿಸಿದ್ದಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು "ಅಣ್ಣಾ, ಕೆಂಪಂದು, ಆರಡಿದು" ಅಂದರೆ ಅವರಾದರೂ ಏನು ಕೊಡಬೇಕು?

ಇನ್ನೊಂದು ಮಾತು. ನಮ್ಮ ಕಡೆ ಎಲ್ಲರೂ ಬ್ಲೇಡು ನೋಡಿ ಬೆಲೆ ಕಟ್ಟುತ್ತಾರೆ. ಬ್ಲೇಡು ಸವೆದರೆ ಹೊಸದು ಹಾಕಿದರಾಯಿತು, ಅದರಲ್ಲೇನಿದೆ? ಕೆಸರು ಗದ್ದೆಯಲ್ಲಿ ಓಡಿದ ರೊಟವೇಟರ್ ಕೆಡುವುದು ರೋಟರಿನ (ಬ್ಲೇಡು ಕೂತು ಸುತ್ತುವ ಪೈಪಿನ) ಎರಡು ತುದಿಗಳಲ್ಲಿ, ಅಂದರೆ ಎಣ್ಣೆ ಹೊರಬರದಂತೆ ಕೆಸರು ಒಳಹೋಗದಂತೆ ತಡೆಯುವ ಸೀಲು ಮತ್ತು ಬೇರಿಂಗಿನಲ್ಲಿ. ಅದು ಹೊರಗೆ ಕಾಣುವುದಿಲ್ಲ. ಹಾಗಾಗಿ ದುಡ್ಡು ಮೊದಲು ಅಲ್ಲಿಗೆ ಹಾಕಿ, ಬ್ಲೇಡು ಕೊನೆಗೆ.

ಕೈ ಹಾಕುವ ಮುಂಚೆ ಎಂಜಿನ್ ಬಂದ್ ಮಾಡಿ, ಚಾವಿ ಜೇಬಿಗೆ ಹಾಕಿಕೊಳ್ಳಿ, ಟ್ರ್ಯಾಕ್ಟರಿನಿಂದ ರೊಟವೇಟರಿಗೆ ತಿರುಗುವ ಶಕ್ತಿ ತರುವ ಪಿಟಿಒ ಶಾಫ್ಟ್ ಬಿಚ್ಚಿ ಪಕ್ಕಕ್ಕಿಡಿ. ಬರೀ ಹೈಡ್ರಾಲಿಕ್ ಮೇಲೆ ಎತ್ತಿ ನಿಲ್ಲಿಸಿ ಕೆಳಗೆ ತೂರಬೇಡಿ, ಯಾರಾದರೂ ಲಿವರ್ ತಾಕಿಸಿದರೆ ಸಾಕು, ಐದಾರು ಜನ ಎತ್ತಲಾರದ ಭಾರ ಎದೆ ಮೇಲೆ ಬರುತ್ತದೆ. ದಪ್ಪ ಮರದ ದಿಮ್ಮಿ ಎರಡೂ ಕಡೆ ಕೊಡಿ.

ಈಗ ಗುರುತು ಹಿಡಿಯುವ ಕೆಲಸ. ಪ್ಲೇಟ್ ಸಾಮಾನ್ಯವಾಗಿ ಗೇರ್‌ಬಾಕ್ಸ್ ಹತ್ತಿರ ಫ್ರೇಮಿನ ಮೇಲೆ ಇರುತ್ತದೆ. ಮಾಡೆಲ್, ಸೀರಿಯಲ್ ನಂಬರ್, ತಯಾರಾದ ವರ್ಷ ಅದರಲ್ಲೇ ಸಿಗುತ್ತವೆ. ಮೇಲೆ ಬಣ್ಣ ಹೊಡೆದಿದ್ದರೆ ಸ್ವಲ್ಪ ಥಿನ್ನರ್ ಹಚ್ಚಿ ಒರೆಸಿ ನೋಡಿ, ಅಕ್ಷರ ಎದ್ದು ಬರಬಹುದು. ಪ್ಲೇಟೇ ಇಲ್ಲವಾದರೆ ಗೇರ್‌ಬಾಕ್ಸ್ ಬಾಡಿಯ ಮೇಲೆ ಎರಕದಲ್ಲೇ ಬಂದಿರುವ ನಂಬರ್ ಹುಡುಕಿ, ಫೋಟೋ ಹಿಡಿದುಕೊಳ್ಳಿ. ಅದು ಆ ಬಾಡಿಯ ನಂಬರ್ ಅಷ್ಟೇ, ಇಡೀ ಯಂತ್ರದ್ದಲ್ಲ. ಆದರೂ ಶಕ್ತಿಮಾನ್, ಮಾಸ್ಕಿಯೋ, ಫೀಲ್ಡ್‌ಕಿಂಗ್ ಇಂಥ ಕಂಪನಿಗಳ ಸಾಮಾನು ದಿನವೂ ಮಾರುವ ಅಂಗಡಿಯವರಿಗೆ ಆ ಫೋಟೋ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಬ್ಲೇಡು ಎಣಿಸಿ. ಒಂದು ಫ್ಲಾಂಜಿಗೆ (ರೋಟರ್ ಪೈಪಿನ ಮೇಲೆ ಬ್ಲೇಡು ಕೂರಿಸುವ ತಟ್ಟೆಗೆ) ಆರು ಬ್ಲೇಡು ಇರುವ ಮಾದರಿಗಳಲ್ಲಿ 5 ಅಡಿಗೆ 36, 6 ಅಡಿಗೆ 42, 7 ಅಡಿಗೆ 48 ಬರುವುದು ವಾಡಿಕೆ. ಅಗಲ ಅಳೆಯುವಾಗ ಫ್ರೇಮ್ ಅಳೆಯಬೇಡಿ, ಬ್ಲೇಡು ಎಲ್ಲಿಂದ ಎಲ್ಲಿಗೆ ಕತ್ತರಿಸುತ್ತದೋ ಅದನ್ನು ಅಳೆಯಿರಿ. ಆಮೇಲೆ ಪಕ್ಕದ ಡ್ರೈವ್ ನೋಡಿ, ಗೇರ್‌ಬಾಕ್ಸಿನ ತಿರುಗುವಿಕೆಯನ್ನು ಕೆಳಗಿನ ರೋಟರಿಗೆ ಮುಟ್ಟಿಸುವುದು ಅದೇ. ಹೊರಗಿನಿಂದ ಟೆನ್ಷನ್ ಮಾಡುವ ಬೋಲ್ಟ್ ಇದ್ದರೆ ಒಳಗೆ ಚೈನ್ ಇರುತ್ತದೆ. ಅದಿಲ್ಲದೆ ಮಧ್ಯದಲ್ಲಿ ಒಂದು ದೊಡ್ಡ ನಟ್ ಅಥವಾ ಉಬ್ಬು ಕಂಡರೆ ಹೆಚ್ಚಾಗಿ ಮೇಲೆ, ನಡುವೆ, ಕೆಳಗೆ ಅಂತ ಮೂರು ಗೇರು. ಗೇರ್‌ಬಾಕ್ಸ್ ಹಿಂದಿನ ಮುಚ್ಚಳ ಬಿಚ್ಚಿದಾಗ ಹಲ್ಲಿನ ಚಕ್ರಗಳು ಎರಡು ಸಿಕ್ಕರೆ ಅದು ಮಲ್ಟಿಸ್ಪೀಡ್. ಅವನ್ನು ಅದಲುಬದಲು ಮಾಡಿದರೆ ರೋಟರ್ ವೇಗ ಬದಲಾಗುತ್ತದೆ. ಹಲ್ಲು ಎಣಿಸಿ ಬರೆದುಕೊಳ್ಳಿ. ಇನ್‌ಪುಟ್ ಶಾಫ್ಟಿನಲ್ಲಿ ಆರು ಕಚ್ಚು ಇದ್ದು ವ್ಯಾಸ 35 ಮಿ.ಮೀ. ಆಸುಪಾಸು ಇದ್ದರೆ ನಮ್ಮ ಟ್ರ್ಯಾಕ್ಟರುಗಳಿಗೆ ಹೊಂದುವ ಮಾಮೂಲಿ 540 ಆರ್‌ಪಿಎಂನದು.

ಬೇರಿಂಗ್ ವಿಷಯದಲ್ಲಿ ಕಂಪನಿ ಹೆಸರೇ ಬೇಡ. ಬೇರಿಂಗಿನ ಉಂಗುರದ ಮೇಲೆ ಕೊರೆದ ನಂಬರ್ ಇರುತ್ತದೆ, 6208, 30208 ಈ ಥರ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ ಬರುತ್ತದೆ, 08 ಅಂದರೆ 40 ಮಿ.ಮೀ. ಆಯಿಲ್ ಸೀಲಿನ ಮೇಲೆ 35-62-10 ಅಂತ ಇದ್ದರೆ ಒಳವ್ಯಾಸ, ಹೊರವ್ಯಾಸ, ದಪ್ಪ. ನಂಬರ್ ಅಳಿಸಿಹೋಗಿದ್ದರೆ ವರ್ನಿಯರ್‌ನಲ್ಲಿ ಶಾಫ್ಟನ್ನೂ ಸೀಲು ಕೂರುವ ಮನೆಯನ್ನೂ ಅಳೆಯಿರಿ. ಹಳೇ ರಬ್ಬರ್ ಹಿಗ್ಗಿರುತ್ತದೆ, ಅದರ ಅಳತೆ ನಂಬಬೇಡಿ.

ಸರಿ, ರಿಪೇರಿ. ಯಂತ್ರವನ್ನು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು ಬೆಳಿಗ್ಗೆ ಗೇರ್‌ಬಾಕ್ಸಿನ ಕೆಳಗಿನ ಡ್ರೇನ್ ಬೋಲ್ಟ್ ನಿಧಾನವಾಗಿ ಸಡಿಲಿಸಿ. ನೀರು ಎಣ್ಣೆಗಿಂತ ಭಾರ ಅಲ್ವಾ, ಒಳಗೆ ನೀರು ಇದ್ದರೆ ಅದೇ ಮೊದಲು ಬರುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೂ ನೀರು ಹೊಕ್ಕಿದೆ ಅಂತಲೇ ಅರ್ಥ. ಪಕ್ಕದ ಡ್ರೈವಿನದೂ ಹೀಗೇ ನೋಡಿ, ಅದರ ಎಣ್ಣೆ ಎಷ್ಟೋ ಯಂತ್ರಗಳಲ್ಲಿ ಬೇರೆಯೇ ಇರುತ್ತದೆ, ಜನ ಅದನ್ನು ಮರೆತೇಬಿಡುತ್ತಾರೆ. ಡ್ರೇನ್ ಬೋಲ್ಟಿಗೆ ಸಣ್ಣ ಕಬ್ಬಿಣದ ಪುಡಿ ಅಂಟಿದ್ದರೆ ಗಾಬರಿ ಬೇಡ. ಚೂರು ಚೂರಾಗಿ ಬಂದರೆ ಬಾಕ್ಸ್ ಬಿಚ್ಚಲೇಬೇಕು.

ಇನ್ನು ರೋಟರ್. ಹಾರೆಯನ್ನು ರೋಟರ್ ಪೈಪಿನ ಕೆಳಗೆ ಕೊಟ್ಟು ತುದಿಯ ಹತ್ತಿರ ಮೇಲಕ್ಕೆ ಮೀಟಿ. ಟಕ್ ಅಂತ ಅಲುಗಾಡಿದರೆ ಬೇರಿಂಗ್ ಮುಗಿದಿದೆ. ಅಲುಗಾಡದಿದ್ದರೂ ಕೈಯಲ್ಲಿ ತಿರುಗಿಸಿ ಕೇಳಿ, ಕರಕರ ಅಂದರೆ ಒಳಗೆ ಮಣ್ಣು. ತುದಿಗಳನ್ನು ಬಿಚ್ಚಿದಾಗ ನೆಲ್ಲಿನ ಹುಲ್ಲು, ಗೊಬ್ಬರದ ಚೀಲದ ದಾರ, ಡ್ರಿಪ್ ಪೈಪಿನ ತುಂಡು, ಮೆಣಸಿನಕಾಯಿ ಹೊಲದ ಮಲ್ಚಿಂಗ್ ಶೀಟು ಎಲ್ಲ ಗಟ್ಟಿಯಾಗಿ ಸುತ್ತಿಕೊಂಡು ಕೂತಿರುವುದು ಕಾಣುತ್ತದೆ. ಸೀಲನ್ನು ಕತ್ತರಿಸುವುದು ಇವೇ. ಸೀಲು ಹೋಯಿತು, ನೀರು ಹೊಕ್ಕಿತು, ಬೇರಿಂಗ್ ಹೋಯಿತು. ನಮ್ಮ ಎರೆ ಮಣ್ಣಿನ ಕೆಸರು ಎಷ್ಟು ನುಣುಪು ಅಂದರೆ ಕೂದಲೆಳೆಯಷ್ಟು ಸಂದು ಸಿಕ್ಕರೂ ಸಾಕು.

ಹೊಸ ಸೀಲು ಹಾಕುವ ಮುಂಚೆ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಎಂಥ ಒಳ್ಳೆ ಸೀಲೂ ನಿಲ್ಲುವುದಿಲ್ಲ. ಲೇಥ್ ಅಂಗಡಿಗೆ ಕೊಟ್ಟು ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡಿಸಿ, ಇಲ್ಲವೇ ತೆಳುವಾದ ಸ್ಲೀವ್ ಹಾಕಿಸಿ. ಸೀಲಿನ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಬರಬೇಕು. ಕೆಸರಿಗಾಗಿಯೇ ಮಾಡಿದ ಕೆಲವು ಯಂತ್ರಗಳಲ್ಲಿ ರಬ್ಬರ್ ತುಟಿಯ ಸೀಲಿನ ಬದಲು ಎರಡು ಹೊಳೆಯುವ ಉಕ್ಕಿನ ಉಂಗುರ, ಅವುಗಳ ಬೆನ್ನಿಗೆ ದಪ್ಪ ರಬ್ಬರ್ ರಿಂಗು ಇರುತ್ತದೆ. ಇದನ್ನು ಜೋಡಿಯಾಗಿಯೇ ಬದಲಿಸಿ, ಒಂದು ಹಳೆಯದು ಒಂದು ಹೊಸದು ಹಾಕಿ ಉಳಿಸುವ ದುಡ್ಡು ದುಡ್ಡಲ್ಲ. ಉಕ್ಕಿನ ಮುಖಕ್ಕೆ ಒಂದೆರಡು ಹನಿ ಎಣ್ಣೆ ಸಾಕು. ರಬ್ಬರ್ ರಿಂಗಿಗೆ ಮಾತ್ರ ಎಣ್ಣೆ, ಗ್ರೀಸ್ ತಾಗಿಸಬೇಡಿ, ಅದು ಒಣಗಿದ್ದರೆ ಮಾತ್ರ ಹಿಡಿದುಕೊಳ್ಳುತ್ತದೆ. ಇಲ್ಲದಿದ್ದರೆ ಜಾರಿ ಸುತ್ತುತ್ತದೆ. ಬೇರಿಂಗನ್ನು ಶಾಫ್ಟಿಗೆ ಹೊಡೆಯುವಾಗ ಪೈಪ್ ತುಂಡನ್ನು ಒಳ ಉಂಗುರದ ಮೇಲೇ ಇಡಿ. ಹೊರ ಉಂಗುರಕ್ಕೆ ಹೊಡೆದರೆ ಪೆಟ್ಟು ಗುಂಡುಗಳಿಗೆ ಬೀಳುತ್ತದೆ.

ಚೈನ್ ಇದ್ದರೆ ಹತ್ತು ಕೊಂಡಿ ಬಿಗಿಯಾಗಿ ಎಳೆದು ಅಳೆಯಿರಿ. ಒಂದಿಂಚಿನ ಕೊಂಡಿಯಾದರೆ 254 ಮಿ.ಮೀ. ಇರಬೇಕು. 260 ಮುಟ್ಟಿದ್ದರೆ ಚೈನು ಹಿಗ್ಗಿದೆ, ಚಕ್ರದ ಹಲ್ಲೂ ನೋಡಿಕೊಳ್ಳಿ.

ಮೇಲಿನ ತಗಡು ತುಕ್ಕು ಹಿಡಿದು ತೂತಾಗಿದ್ದರೆ ಮೂರ್ನಾಲ್ಕು ಮಿ.ಮೀ. ಶೀಟ್ ಕತ್ತರಿಸಿ ತೇಪೆ ಹಾಕಿಸಬಹುದು, ದೊಡ್ಡ ಕೆಲಸವಲ್ಲ. ಆದರೆ ವೆಲ್ಡಿಂಗಿನ ಅರ್ತ್ ಕ್ಲಿಪ್ ಎಲ್ಲಿ ಹಾಕುತ್ತಾರೆ ಅಂತ ನಿಂತು ನೋಡಿ. ವೆಲ್ಡ್ ಮಾಡುವ ತಗಡಿಗೇ, ಹತ್ತಿರದಲ್ಲೇ ಹಾಕಬೇಕು. ತಗಡು ವೆಲ್ಡ್ ಮಾಡುತ್ತ ಕ್ಲಿಪ್ಪನ್ನು ರೋಟರ್ ಬ್ಲೇಡಿಗೆ ಸಿಕ್ಕಿಸಿದರೆ ಕರೆಂಟು ನೀವು ಈಗಷ್ಟೇ ಹಾಕಿದ ಬೇರಿಂಗ್ ಮೂಲಕ ಹರಿದು ಅದನ್ನು ಸುಡುತ್ತದೆ. ಟ್ರ್ಯಾಕ್ಟರಿನಿಂದ ಬಿಚ್ಚಿಯೇ ವೆಲ್ಡ್ ಮಾಡಿಸಿ.

ಕೊನೆಗೆ ಬ್ಲೇಡು. 1912ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಲಿಫರ್ಡ್ ಹೊವಾರ್ಡ್ ಈ ಸುತ್ತುವ ನೇಗಿಲಿನ ಪ್ರಯೋಗ ಮಾಡುವಾಗ ಮಣ್ಣು ಪಕ್ಕಕ್ಕೆ ಸಿಡಿಯುವ ತೊಂದರೆ ಇತ್ತು. ಎಲ್ ಆಕಾರದ ಬ್ಲೇಡು ಬಂದದ್ದು ಅದಕ್ಕೇ. ನಮ್ಮಲ್ಲೂ ಅದೇ ಜಾಸ್ತಿ. ಎಡ, ಬಲ ಅಂತ ಎರಡು ಜಾತಿ ಇರುತ್ತವೆ, ಸಾಮಾನ್ಯವಾಗಿ ಫ್ಲಾಂಜಿಗೆ ಮೂರು ಮೂರು. ಬಿಚ್ಚುವ ಮುಂಚೆ ಪ್ರತಿ ಫ್ಲಾಂಜಿನ ಫೋಟೋ ತೆಗೆಯಿರಿ. ಬ್ಲೇಡುಗಳು ರೋಟರಿನ ಉದ್ದಕ್ಕೂ ಸುರುಳಿಯಾಗಿ ಕೂತಿರುತ್ತವೆ, ಎಲ್ಲ ಒಮ್ಮೆಲೇ ನೆಲಕ್ಕೆ ಬೀಳದಿರಲಿ ಅಂತ. ಈ ಕ್ರಮ ತಪ್ಪಿದರೆ ಟ್ರ್ಯಾಕ್ಟರೇ ನಡುಗುತ್ತದೆ. ಸಂಶಯ ಬಂದರೆ ರೋಟರ್ ತಿರುಗುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ, ಹರಿತ ಅಂಚು ಮೊದಲು ಮಣ್ಣಿಗೆ ತಾಗಬೇಕು, ಬೆನ್ನಲ್ಲ. ಹೊಸದು ಕೊಳ್ಳುವಾಗ ಹಳೇ ಬ್ಲೇಡು ಎಡದ್ದೊಂದು ಬಲದ್ದೊಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಎರಡು ತೂತಿನ ನಡುವಿನ ಅಂತರ ಅಲ್ಲೇ ಇಟ್ಟು ನೋಡಿ. ಬೋಲ್ಟಿನ ತಲೆ ಮೇಲೆ 8.8 ಅಥವಾ 10.9 ಅಂತ ಗಟ್ಟಿತನದ ನಂಬರ್ ಕೊರೆದಿರಲಿ. ಸುಮ್ನೆ ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟ್ ಹಾಕಿದರೆ ಮಸಾರಿ ಹೊಲದ ಮೊದಲ ಕಲ್ಲಿಗೇ ತುಂಡಾಗುತ್ತದೆ. ಮುರಿದ ಬ್ಲೇಡನ್ನು ವೆಲ್ಡ್ ಮಾಡಿಸಬೇಡಿ. ಅದು ಶಾಖ ಕೊಟ್ಟು ಗಟ್ಟಿ ಮಾಡಿದ ಉಕ್ಕು, ವೆಲ್ಡ್ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಹಾರಿದ ತುಂಡು ಎಲ್ಲಿಗೆ ಬೀಳುತ್ತದೋ ಹೇಳಲಾಗದು.

ಪಿಟಿಒ ಶಾಫ್ಟಿನ ಎರಡು ಕ್ರಾಸ್ (ಬಾಗುವ ಕೀಲು) ನೋಡಿ, ಒಳಗಿನ ಎರಡು ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಗೆರೆಯಲ್ಲಿರಬೇಕು. ಭಾರ ಹೆಚ್ಚಾದಾಗ ಮುರಿಯಲೆಂದೇ ಇಟ್ಟ ಶಿಯರ್ ಬೋಲ್ಟ್ ಮುರಿದರೆ ಅದರ ಬದಲು ಗಟ್ಟಿ ಬೋಲ್ಟ್ ಹಾಕುವ ಚಾಳಿ ಬಿಡಿ. ಗೇರ್‌ಬಾಕ್ಸ್ ಉಳಿಸುವುದಕ್ಕೇ ಅದು ಮುರಿಯುವುದು.

90 ನಂಬರ್ ಗೇರ್ ಆಯಿಲ್ ಲೆವೆಲ್ ಬೋಲ್ಟಿನವರೆಗೆ ತುಂಬಿ, ಬೇರೆ ನಂಬರ್ ಅಂತ ಬಾಡಿಯ ಮೇಲೆ ಬರೆದಿದ್ದರೆ ಅದನ್ನೇ ಹಾಕಿ. ಮೇಲಿನ ಬ್ರೀದರ್ ತೂತನ್ನು (ಗಾಳಿ ಆಡುವ ತೂತು) ತಂತಿಯಿಂದ ಬಿಡಿಸಿ, ಅದು ಕಟ್ಟಿಕೊಂಡರೆ ಬಿಸಿಯಾದ ಗಾಳಿ ಸೀಲಿನಿಂದ ಎಣ್ಣೆ ಹೊರಗೆ ತಳ್ಳುತ್ತದೆ. ಮೊದಲು ಒಣ ಹೊಲದಲ್ಲಿ ನಿಧಾನವಾಗಿ ಓಡಿಸಿ. ಒಂದು ತಾಸಿನ ನಂತರ ನಿಲ್ಲಿಸಿ ಬ್ಲೇಡಿನ ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ, ತುದಿಯ ಬೇರಿಂಗ್ ಮನೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬಿಚ್ಚಿ. ಗದ್ದೆಯಿಂದ ಬಂದ ತಕ್ಷಣ ಬಿಸಿ ಯಂತ್ರವನ್ನು ಕಾಲುವೆಯಲ್ಲಿ ಮುಳುಗಿಸಿ ತೊಳೆಯಬೇಡಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ತಾಸು ಆರಲು ಬಿಟ್ಟು ತೊಳೆಯಿರಿ.