ಬೇಲಿಯಾಚೆಯವನಿಗೂ ಹೂಮಳೆ ಬೇಡುವುದು

‘ಸ್ವಾಮಿ, ಅವನಿಗೆ ಒಳ್ಳೆ ಬುದ್ಧಿ ಕೊಡು.’ ವೈರಿಗಾಗಿ ಪ್ರಾರ್ಥಿಸಲು ಕೂತರೆ ಬಾಯಿಗೆ ಮೊದಲು ಬರುವುದು ಇದೇ. ದೇವರ ಹತ್ತಿರ ಒಯ್ದ ಚಾಡಿ ಅದು. ಹಾಗಾಗಿ ನಾನು ಕ್ರಮ ಬದಲಿಸಿಕೊಂಡೆ.

ರಾತ್ರಿ ಮನೆಪ್ರಾರ್ಥನೆ ಮುಗಿದ ಮೇಲೆ ಒಬ್ಬನೇ ಐದು ನಿಮಿಷ, ಒಬ್ಬರದೇ ಹೆಸರು. ಮೊದಲೆರಡು ನಿಮಿಷ ಸಿಟ್ಟಿಗೆ. ಬೇಲಿ ಸರಿಸಿದ್ದು, ತೋಡಿಗೆ ಪಂಪ್ ಇಟ್ಟು ನೀರೆಳೆದದ್ದು, ಸಂತೆಯಲ್ಲಿ ಆಡಿಕೊಂಡದ್ದು ಎಲ್ಲ ಹೇಳಿಬಿಡಬೇಕು. ಇದಕ್ಕಿಂತ ಕಟುವಾದ ಮಾತು ಬೈಬಲಿನ 109ನೆಯ ಕೀರ್ತನೆಯಲ್ಲೇ ಇದೆ. ಈ ಭಾಗ ನುಂಗಿಕೊಂಡರೆ ಸಿಟ್ಟು ಮುಂದಿನ ಬೇಡಿಕೆಯೊಳಗೆ ನುಸುಳುತ್ತದೆ.

ಆಮೇಲೆ ಮೂರೇ ಬೇಡಿಕೆ, ನಮಗೆ ಬೇಕಾದವೇ. ಮಾರ್ಚಿನಲ್ಲಾದರೆ: ಅವನ ರೊಬಸ್ಟಾ ಕಾಫಿಗೂ ಹೂ ಅರಳಿಸುವ ಹೂಮಳೆ, ಹಿಂದೆಯೇ ಕಾಯಿ ಕಚ್ಚಿಸುವ ಬ್ಯಾಕಿಂಗ್ ಮಳೆ ಎರಡೂ ಹೊತ್ತಿಗೆ ಸರಿಯಾಗಿ ಬೀಳಲಿ; ಅವನ ಮಗಳ ಪರೀಕ್ಷೆ ಚೆನ್ನಾಗಲಿ; ಅವನ ಮಂಡಿನೋವು ಇಳಿಯಲಿ. ತಂದೆಯು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆಂಬ ಮತ್ತಾಯ 5:45ನ್ನು ಕೊಡಗಿನ ತೋಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರೂ ಬಾಯಿಗೆ ಬರದಿದ್ದರೆ ಒಂದೇ ಸಾಕು, ಬಾಯಿಮಾತಿಗೆ ಮೂರು ಬೇಡ.

ಲೂಕ 6:27-28ರಲ್ಲಿ ಹೇಳಿರುವುದು ನಾಲ್ಕು: ಪ್ರೀತಿಸಿ, ಉಪಕಾರ ಮಾಡಿ, ಆಶೀರ್ವದಿಸಿ, ಪ್ರಾರ್ಥಿಸಿ. ಅವನ ಜೊತೆ ಕಾಫಿ ಕುಡಿಯಲೇಬೇಕೆಂದು ಎಲ್ಲೂ ಇಲ್ಲ! ಉಪಕಾರ ಎಷ್ಟೆಂದು ಕೇಳುವವರು ವಿಮೋಚನಕಾಂಡ 23:4 ನೋಡಬೇಕು: ವೈರಿಯ ಎತ್ತೋ ಕತ್ತೆಯೋ ದಾರಿ ತಪ್ಪಿದ್ದರೆ ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸು. ನಮ್ಮಲ್ಲಿ ಅದು ಹೀಗೆ: ಅವನ ಹಸು ತೋಟಕ್ಕೆ ನುಗ್ಗಿದರೆ ಹಗ್ಗ ಹಿಡಿದು ಅವನ ಕೊಟ್ಟಿಗೆವರೆಗೆ ಬಿಟ್ಟು ಬರುವುದು. ಆನೆ ಇಳಿದ ರಾತ್ರಿ ಉಳಿದವರಿಗೆ ಮಾಡಿದ ಫೋನನ್ನು ಅವನಿಗೂ ಮಾಡುವುದು. ‘ಆನೆ ನಿಮ್ಮ ಕಡೆ ಬರ್ತಾ ಇದೆ’, ಅಷ್ಟೇ.

ಕೆಡುವುದು ಹೆಚ್ಚಾಗಿ ಪ್ರಾರ್ಥನಾಕೂಟದಲ್ಲಿ. ಹೆಸರು ಹೇಳಿ ಜೋರಾಗಿ ಪ್ರಾರ್ಥಿಸಿದರೆ ಬೆಳಗಾಗುವುದರೊಳಗೆ ಊರಿಗೆಲ್ಲ ಸುದ್ದಿ. ಇನ್ನು ಕೆಲವರಿಗೆ ರೋಮಾಪುರದವರಿಗೆ ಬರೆದ ಪತ್ರದ 12:20ರ ಮಾತು ಬಹಳ ಇಷ್ಟ: ಹಸಿದ ವೈರಿಗೆ ಊಟ ಹಾಕಿದರೆ ಅವನ ತಲೆಯ ಮೇಲೆ ಕೆಂಡ ಸುರಿದಂತೆ. ಅವನ ತಲೆ ಸುಡಲೆಂದೇ ಊಟ ಬಡಿಸುತ್ತಾರೆ, 21ನೆಯ ವಚನಕ್ಕೆ ಹೋಗುವುದೇ ಇಲ್ಲ. ಕೆಟ್ಟದ್ದನ್ನು ಒಳ್ಳೆಯದರಿಂದ ಗೆಲ್ಲು ಎಂದಿರುವುದು ಅಲ್ಲಿ.

ಹೊಡೆತ ಬಡಿತ ಇರುವ ಮನೆಯಾದರೆ ಮೊದಲು ಹೊರಗೆ ಬರಬೇಕು, ಠಾಣೆಗೆ ಹೋಗಬೇಕು. ಪ್ರಾರ್ಥನೆ ದೂರದಿಂದಲೂ ಆಗುತ್ತದೆ. ಜಾಗದ ತಕರಾರಿನಲ್ಲೂ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಕೊಟ್ಟ ಅರ್ಜಿ ಹಿಂದೆ ತೆಗೆಯಬೇಕಿಲ್ಲ. ಸರ್ವೆಯವರು ಬಂದು ಕಲ್ಲು ನೆಟ್ಟ ದಿನ ರಾತ್ರಿಯೂ ಅದೇ ಹೆಸರು, ಅದೇ ಐದು ನಿಮಿಷ.