ಬಿಪಿ ಮನೆಯಲ್ಲಿ ಸರಿಯಾಗಿ ನೋಡಿ, ಉಪ್ಪಿನ ಲೆಕ್ಕ ಭರಣಿಯಿಂದ ಶುರುಮಾಡಿ

ಬಿಪಿ ಯಂತ್ರ ಕೊಳ್ಳುವುದಾದರೆ ಮೇಲ್ದೋಳಿಗೆ ಪಟ್ಟಿ ಸುತ್ತುವಂಥದ್ದನ್ನೇ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವ ಯಂತ್ರ, ಕೈ ತುಸು ಮೇಲೆ ಕೆಳಗಾದರೂ ಬೇರೆಯೇ ಅಂಕಿ ತೋರಿಸುತ್ತದೆ. ಅಂಗಡಿಗೆ ಹೋಗುವ ಮುಂಚೆ ಟೇಪಿನಲ್ಲಿ ತೋಳಿನ ಸುತ್ತಳತೆ ನೋಡಿಕೊಳ್ಳಿ. ಯಂತ್ರದ ಜೊತೆ ಬರುವ ಮಾಮೂಲಿ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ತೋಳಿಗೆ ಮಾತ್ರ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ಕಾಣಿಸುತ್ತದೆ.

ಕಾಫಿ, ಹೊಗೆಸೊಪ್ಪಿನ ಕವಳ, ತೋಟದ ಕೆಲಸ ಯಾವುದಾದರೂ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿಯನ್ನು ಬರಿ ತೋಳಿಗೆ, ಮೊಣಕೈ ಮಡಿಕೆಯಿಂದ ಎರಡು ಸೆಂ.ಮೀ. ಮೇಲೆ ಕಟ್ಟಿ, ಸ್ವೆಟರ್ ಮೇಲೆ ಬೇಡ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕಿರಲಿ. ಮಾತಾಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆದಿಡಿ.

ಬೆಳಿಗ್ಗೆ ಮಾತ್ರೆಗೆ ಮುಂಚೆ, ಸಂಜೆ ಇನ್ನೊಮ್ಮೆ, ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಮನೆಯಲ್ಲಿ ಅದು 135/85 ಅಥವಾ ಅದಕ್ಕೂ ಮೇಲಿದ್ದರೆ ಬಿಪಿ ಹೆಚ್ಚಿದೆ ಎಂದೇ ಲೆಕ್ಕ. ವೈದ್ಯರ ಮುಂದೆ ನೋಡಿದಾಗಿನ ಗಡಿ 140/90. ಒಂದೇ ಅಂಕಿ ನೋಡಿ ಗಾಬರಿಯಾಗುವುದೂ ಬೇಡ, ಸಮಾಧಾನ ಪಡುವುದೂ ಬೇಡ. ಚಳಿಗೆ ರಕ್ತನಾಳ ಬಿಗಿಯುವುದರಿಂದ ಮಲೆನಾಡಿನ ಚಳಿಗಾಲದಲ್ಲಿ ಅಂಕಿ ತುಸು ಏರಬಹುದು. ಬೇಸಿಗೆಯಲ್ಲಿ ನೋಡಿ ಮರೆತವರು ಚಳಿಗಾಲದಲ್ಲೂ ಒಂದು ವಾರ ನೋಡಲಿ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ನಾಲ್ಕು ಜನ ದೊಡ್ಡವರಿರುವ ಮನೆಯಲ್ಲಿ ಒಂದು ಕೆ.ಜಿ. ಪೊಟ್ಟಣ ಐವತ್ತು ದಿನವಾದರೂ ಬರಬೇಕು. ಪೊಟ್ಟಣದ ಮೇಲೆ ಒಡೆದ ತಾರೀಕು ಬರೆದು ನೋಡಿ. ಸಾರಿಗೆ ಉಪ್ಪು ಕಡಿಮೆ ಹಾಕಿದೆವೆಂದು ನಂಬಿರುತ್ತೇವೆ. ಆದರೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಹಪ್ಪಳ, ಸಂಡಿಗೆ, ಒಣಮೀನು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಮಳೆಗಾಲದಲ್ಲಿ ಊಟವೆಲ್ಲ ಇವುಗಳ ಮೇಲೇ. ಉಪ್ಪುಸೊಳೆಯನ್ನು ಎರಡು ಮೂರು ಸಲ ನೀರು ಬದಲಿಸಿ ನೆನೆಸಿ, ಪಲ್ಯಕ್ಕೆ ಬೇರೆ ಉಪ್ಪು ಹಾಕಬೇಡಿ. ಮಿಡಿ ತಿನ್ನಿ, ರಸ ಕಲಸಿಕೊಳ್ಳಬೇಡಿ. ತಂಬುಳಿಗೆ ಹುಳಿ ಮಜ್ಜಿಗೆ, ಜೀರಿಗೆ, ಕಾಳುಮೆಣಸು ಇದ್ದರೆ ಅರ್ಧ ಉಪ್ಪು ಸಾಕು.

‘ಲೋ ಸೋಡಿಯಂ’ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ತಿನ್ನುವವರಿಗೆ ಅದು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಅಡಿಕೆ ಕೊನೆಕೊಯ್ಲಿನ ಸೊಂಟನೋವಿಗೆ ದಿನಾ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೂಡ ಬಿಪಿ ಏರಿಸುತ್ತವೆ.

ಅಂಕಿ ಇಳಿಯಿತೆಂದು ಮಾತ್ರೆ ಬಿಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಇಳಿದದ್ದೇ ಮಾತ್ರೆಯಿಂದ. ಆಮ್ಲೋಡಿಪಿನ್‌ನಿಂದ ಪಾದ ಊದಿದರೆ, ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬಂದರೆ ವೈದ್ಯರು ಬೇರೆ ಮಾತ್ರೆ ಬರೆದುಕೊಡುತ್ತಾರೆ.

180/120 ದಾಟಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ, ಬೇರೇನೂ ತೊಂದರೆ ಇಲ್ಲದಿದ್ದರೂ ಅಂದೇ ವೈದ್ಯರನ್ನು ಕಾಣಿ. ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈಕಾಲು ಸೋಲುವುದು ಕಂಡರೆ ಅಂಕಿ ಎಷ್ಟೇ ಇರಲಿ, ತಕ್ಷಣ 108ಕ್ಕೆ ಫೋನ್ ಮಾಡಿ. ಘಾಟಿಯ ಕೆಳಗಿನ ಒಂಟಿಮನೆಯವರು ಆಂಬುಲೆನ್ಸ್ ಮನೆಯವರೆಗೆ ಬರಲಿ ಎಂದು ಕಾಯದೆ, ಸಿಕ್ಕಿದ ಜೀಪಿನಲ್ಲಿ ಡಾಂಬರು ರಸ್ತೆಯವರೆಗಾದರೂ ಹೊರಡಿ. ಹೆಚ್ಚುವರಿ ಬಿಪಿ ಮಾತ್ರೆ ನುಂಗಿಸಬೇಡಿ: ಪಾರ್ಶ್ವವಾಯು ಆಗಿದ್ದರೆ ಒತ್ತಡ ದಿಢೀರನೆ ಕುಸಿದು ಮೆದುಳಿಗೆ ರಕ್ತ ಇನ್ನೂ ಕಡಿಮೆಯಾಗುತ್ತದೆ.