ಮನೆಯಲ್ಲೇ ಮಗುವಿನ ಕಾಲಿಗೆ ಬಲ ತುಂಬಲು

ಡೌನ್ ಸಿಂಡ್ರೋಮ್ ಇರುವ ಮಕ್ಕಳ ಸ್ನಾಯುಗಳು ಸಾಮಾನ್ಯವಾಗಿ ಸಡಿಲವಾಗಿರುವುದರಿಂದ, ಉಡುಪಿಯ ನಮ್ಮ ಮನೆಯಲ್ಲಿ 9 ವರ್ಷದ ಮಗಳಿಗೆ ಫಿಸಿಯೋಥೆರಪಿಸ್ಟರ ಸಲಹೆಯಂತೆ ಮಾಡಿಸುತ್ತಿರುವ ಅಭ್ಯಾಸವೊಂದನ್ನು ಇಲ್ಲಿ ತಿಳಿಸುತ್ತಿದ್ದೇನೆ. ಪಾದಗಳು ನೆಲಕ್ಕೆ ಪೂರ್ತಿ ಊರುವಷ್ಟು ಎತ್ತರದ ಸ್ಟೂಲಿನ ಮೇಲೆ ಕುಳ್ಳಿರಿಸಿ, ಕೈಯೂರದೆ ಏಳುವುದನ್ನೂ, ಅದಕ್ಕಿಂತ ಮುಖ್ಯವಾಗಿ, ಧೊಪ್ಪನೆ ಬೀಳದೆ ನಿಧಾನವಾಗಿ ಕೂರುವುದನ್ನೂ 5ರಿಂದ 8 ಬಾರಿ ಮಾಡಿಸುತ್ತೇವೆ. ಇದು ಸುಲಭವಾದ ಮೇಲೆ ಅರ್ಧ ಕಿಲೋ ಕುಚ್ಚಲಕ್ಕಿಯ ಚೀಲವನ್ನು ಎದೆಗವಚಿ ಹಿಡಿಯಲು ಕೊಟ್ಟೆವು. ವಾರಕ್ಕೆ 3 ದಿನ ಸಾಕು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆಳಗ್ಗೆಯೇ ಮುಗಿಸುವುದು ಒಳ್ಳೆಯದು. ಮಗು ಉಸಿರು ಬಿಗಿಹಿಡಿದರೆ ಭಾರ ಹೆಚ್ಚಾಯಿತೆಂದೇ ತಿಳಿಯಿರಿ. ಈ ಮಕ್ಕಳಲ್ಲಿ ಕೆಲವರಿಗೆ ಕುತ್ತಿಗೆಯ ಮೇಲ್ಭಾಗದ ಮೂಳೆಗಳ ಕೀಲು ಅಸ್ಥಿರವಾಗಿರುವುದುಂಟು. ಆದ್ದರಿಂದ ವೈದ್ಯರನ್ನು ಕೇಳದೆ ಲಾಗ ಹಾಕಿಸುವುದು, ತಲೆಯ ಮೇಲೆ ಭಾರ ಹೊರಿಸುವುದು ದಯವಿಟ್ಟು ಬೇಡ.